ಐದನೆಯ ತೆನೆ

ನೀವು ಇದನ್ನು ನಂಬುವುದಿಲ್ಲ. ಬೇಸರವಿಲ್ಲ, ನಮ್ಮ ಮನೆಯಲ್ಲಿ ನಾನು ಗಂಟೆ ಎಷ್ಟಾಯಿತೆಂದು ಹೇಳಿದರೂ ಎಲ್ಲರೂ ಒಮ್ಮೆ ಗಡಿಯಾರ ನೋಡಿಯೇ ತಲೆಯಾಡಿಸುತ್ತಾರೆ. ಆದರೂ ಹೇಳುತ್ತೇನೆ. ಶಿರಸಿಯಲ್ಲಿ ನಮ್ಮ ಓಣಿಯ ತುದಿಗೆ ಒಂದು ಕಂದು ಕರು ಇದೆ. ಈ ಸೀಮೆಯಲ್ಲಿ ಅದರ ಹೊಟ್ಟೆಯಷ್ಟು ಪವಿತ್ರವಾದ ಹೊಟ್ಟೆ ಇನ್ನೊಂದಿಲ್ಲ. ನಮ್ಮ ಪಾದ್ರಿಗಳ ಹೊಟ್ಟೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅದನ್ನು ಆ ಎತ್ತರಕ್ಕೆ ಏರಿಸಿದವಳು ನಾನು. ಆಗ ನನಗೆ ಹದಿನೈದು. ಈಗ ಹದಿನಾರು, ಹಾಗಾಗಿ ಆಗಿನ ಬುದ್ಧಿಗೆ ನಾನು ಜವಾಬ್ದಾರಳಲ್ಲ.

ಸೆಪ್ಟೆಂಬರ್ ಬಂತೆಂದರೆ ನಮಗೆ ಮಾತೆ ಮರಿಯಮ್ಮನ ಹುಟ್ಟಿದ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳೆಲ್ಲ ಬುಟ್ಟಿಯಲ್ಲಿ ಹೂ ಒಯ್ದು, ಹಾಡು ಹೇಳುತ್ತ, ಇಗರ್ಜಿಯಲ್ಲಿ ಪುಟ್ಟ ಮರಿಯಮ್ಮನ ಮೂರ್ತಿಯ ಮೇಲೆ ಎರಚುತ್ತೇವೆ. ಹತ್ತನೆಯ ಕ್ಲಾಸಿನವರು ಇದಕ್ಕೆ ನಾಚಿಕೊಂಡು ಹಿಂದಿನ ಬೆಂಚಿಗೆ ಹೋಗುತ್ತಾರೆ. ನಾನು ಹೋಗಲಿಲ್ಲ. ಇಡೀ ವರ್ಷದಲ್ಲಿ ಇಗರ್ಜಿಯ ಒಳಗೆ ಏನನ್ನಾದರೂ ಎಸೆಯಲು ಅಪ್ಪಣೆ ಇರುವುದು ಆಗ ಮಾತ್ರ. ಅದನ್ನು ಬಿಟ್ಟುಕೊಡುವಷ್ಟು ದೊಡ್ಡವಳು ನಾನಿನ್ನೂ ಆಗಿರಲಿಲ್ಲ.

ಆ ಬೆಳಗುಗಳನ್ನು ನಾನು ಎಚ್ಚರದಲ್ಲಿ ಕಂಡೆನೋ ನಿದ್ದೆಯಲ್ಲಿ ಕಂಡೆನೋ, ಈಗಲೂ ಸರಿಯಾಗಿ ಗೊತ್ತಾಗುವುದಿಲ್ಲ. ಮಂಜು ಓಣಿಯೊಳಗೆ ಬಂದು ಕೂತಿರುತ್ತಿತ್ತು. ಗಿಡ ಕಾಣುತ್ತಿರಲಿಲ್ಲ, ಹೂ ಮಾತ್ರ ಕಾಣುತ್ತಿತ್ತು. ಕೆಂಪು ಡೇರೆ ಹೂಗಳು ಯಾರ ಆಧಾರವೂ ಇಲ್ಲದೆ ಗಾಳಿಯಲ್ಲಿ ನಿಂತಂತೆ. ಅವು ಆಚೆಮನೆಯವು. ಆಚೆಮನೆಯಲ್ಲಿ ಒಬ್ಬ ಹವ್ಯಕರ ಹೆಂಗಸು ಇದ್ದಾರೆ. ಅವರ ಮಕ್ಕಳು ಕರೆದಂತೆ ಇಡೀ ಓಣಿಯೇ ಅವರನ್ನು ಆಯಿ ಎನ್ನುತ್ತದೆ. ನಾನೂ ಆಯಿ ಎನ್ನುತ್ತೇನೆ, ಅವರ ಹೂವನ್ನೂ ಕದಿಯುತ್ತೇನೆ. ಮೊದಲೆರಡು ದಿನ ಬೇಲಿಯ ಅಡಿಯಿಂದ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಕದ್ದೆ. ಮೂರನೆಯ ಬೆಳಿಗ್ಗೆ ನೋಡಿದರೆ ಪಾಗಾರದ ಗೋಡೆಯ ಮೇಲೆ ಬಾಳೆಲೆಯಲ್ಲಿ ಕೊಯ್ದಿಟ್ಟ ಡೇರೆ ಹೂ, ಮೇಲೆ ಎರಡು ದಾಸವಾಳ. ಮರುದಿನವೂ ಹಾಗೆಯೇ. ನನಗೆ ಬಹಳ ಸಿಟ್ಟು ಬಂತು. ಕದಿಯಲು ಬಂದವಳಿಗೆ ಹೀಗೆ ಎಲೆ ಹಾಕಿ ಬಡಿಸಿದರೆ ಕಳ್ಳತನಕ್ಕೆ ಮರ್ಯಾದೆ ಎಲ್ಲಿ ಉಳಿಯಿತು?

ಒಂಬತ್ತು ದಿನ ಮುಗಿದ ಮರುದಿನ ಹುಟ್ಟಿದ ಹಬ್ಬ, ಅದೇ ತೆನೆಹಬ್ಬವೂ; ಆ ದಿನವೂ ಹೂ ಎರಚುತ್ತೇವೆ. ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಪೂಜೆಯಲ್ಲಿ ಆಶೀರ್ವದಿಸುತ್ತಾರೆ. ಪೂಜೆ ಮುಗಿದ ಮೇಲೆ ಪ್ರತಿ ಮನೆಯವರೂ, ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ ಪಡೆದು ಒಯ್ಯುತ್ತಾರೆ. ಮನೆಯಲ್ಲಿ ಅದರ ಕಾಳು ಬಿಡಿಸಿ, ಅರೆದು, ತೆಂಗಿನ ಹಾಲು ಬೆಲ್ಲದ ಜೊತೆ ಕಲಸಿ, ಎಲ್ಲರೂ ಒಟ್ಟಿಗೆ ಕೂತು ಒಂದೊಂದು ಚಮಚ ತಿಂದ ಮೇಲೆಯೇ ಊಟ. ಆ ದಿನ ಮೀನಿಲ್ಲ, ಮಾಂಸವಿಲ್ಲ. ತರಕಾರಿಯ ಪದಾರ್ಥಗಳು, ಅದೂ ಬೆಸ ಸಂಖ್ಯೆಯಲ್ಲಿ. ಮನೆಯವರು ಯಾರಾದರೂ ದೂರದಲ್ಲಿದ್ದರೆ ಅವರ ಪಾಲಿನ ಕಾಳನ್ನು ಕಾಗದದಲ್ಲಿ ಕಟ್ಟಿ ಕಳಿಸುತ್ತಾರೆ. ಕಾಳು ಮುಟ್ಟಿತೆಂದರೆ ಅವರೂ ಆ ಪಂಕ್ತಿಯಲ್ಲಿ ಕೂತಂತೆ.

ನಮ್ಮ ಮನೆಗೆ ಎಷ್ಟು ತೆನೆ ಎಂಬುದೇ ಆಗ ಮೂರು ವರ್ಷದಿಂದ ತಕರಾರಾಗಿತ್ತು. ಅಜ್ಜಿ, ಅಪ್ಪ, ಅಮ್ಮ, ನಾನು: ನಾಲ್ಕು ಎಂದು ಅಪ್ಪನ ಮಾತು. ಅಪ್ಪ ಬಡಗಿ. ಅಳತೆ ಹೇಳಿದ ಮೇಲೆ ಬಡಗಿಯ ಹತ್ತಿರ ವಾದ ಮಾಡುವಂತಿಲ್ಲ.

ಐದನೆಯವನು ನನ್ನ ಅಣ್ಣ. ಆ ವರ್ಷಕ್ಕೆ ನಾಲ್ಕು ವರ್ಷ ಮೊದಲು, ಕ್ರಿಸ್ಮಸ್ಸಿನ ಹಿಂದಿನ ಸಂಜೆ, ಗೆಳೆಯರ ಜೊತೆ ಕುಡಿದು, ಅಪ್ಪನ ಗೂಡ್ಸ್ ರಿಕ್ಷಾವನ್ನು ಇಗರ್ಜಿಯ ಅಂಗಳಕ್ಕೆ ತಂದು, ನೇರವಾಗಿ ಗೋದಲಿಯೊಳಗೆ ನುಗ್ಗಿಸಿದ. ಅಪ್ಪ ಪ್ರತಿ ವರ್ಷ ತಾನೇ ನಿಂತು ಕಟ್ಟುವ ಗೋದಲಿ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ತಾನೇ ಶಿವನೆ ಮರದಲ್ಲಿ ಕೆತ್ತಿದ ಬೊಂಬೆಗಳು. ಕತ್ತೆ ಎರಡು ತುಂಡಾಯಿತು. ಮೂವರು ರಾಜರಲ್ಲಿ ಒಬ್ಬನ ತಲೆ ಉರುಳಿ ಚರಂಡಿಯ ತನಕ ಹೋಯಿತು. ಬಾಲಯೇಸು ಮಾತ್ರ ಹುಲ್ಲಿನ ಮೇಲೆ ಕೈಕಾಲು ಬಿಚ್ಚಿಕೊಂಡು ನಗುತ್ತಲೇ ಇದ್ದ. ಇಡೀ ಊರು ಸೇರಿತ್ತು. ಇಡೀ ಊರು ಎಂದರೆ ಒಂದು ಮೂವತ್ತು ಜನ. ಅವರೆಲ್ಲರ ಎದುರು ಅಣ್ಣ ಅಪ್ಪನಿಗೆ ಹೇಳಿದ: "ನಿನ್ನ ಮರದ ದೇವ್ರನ್ನ ನೀನೇ ಇಟ್ಕೋ." ಅಪ್ಪ ಕೂಗಲಿಲ್ಲ. "ಮನೆಗೆ ಬರಬೇಡ," ಅಂದ. ಅಣ್ಣ ಬರಲಿಲ್ಲ. ಯಲ್ಲಾಪುರದಲ್ಲಿ ಒಂದು ಗ್ಯಾರೇಜಿಗೆ ಸೇರಿದ. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ನಮ್ಮ ಮನೆಯ ಲೆಕ್ಕದಲ್ಲಿ ಸಮುದ್ರದಾಚೆ. ತಲೆ ಹೋದ ರಾಜ ಅಪ್ಪನ ಕೆಲಸದ ಕೊಟ್ಟಿಗೆಯ ಅಟ್ಟದ ಮೇಲೆ ಇದ್ದಾನೆ. ಅಪ್ಪ ಅವನನ್ನು ಜೋಡಿಸಲೂ ಇಲ್ಲ, ಒಲೆಗೆ ಹಾಕಲೂ ಇಲ್ಲ.

ಅಣ್ಣ ಹೋದದ್ದರಿಂದ ನನಗೆ ಲಾಭವೇ ಆಯಿತು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಕಿಟಕಿ ಪಕ್ಕದ ಮಂಚ ನನ್ನದಾಯಿತು. ಆದರೆ ಆ ಮಂಚದಲ್ಲಿ ನಾನು ಮಲಗುವುದು ಗೋಡೆಗೆ ಒತ್ತಿಕೊಂಡು, ಅರ್ಧ ಜಾಗ ಬಿಟ್ಟು. ಯಾಕೆಂದು ಕೇಳಬೇಡಿ. ಸೆಕೆಗೆ.

ಆ ಮೂರು ವರ್ಷವೂ ಅಪ್ಪ ನಾಲ್ಕೇ ತೆನೆ ತಂದ. ಅಜ್ಜಿ ತನ್ನ ತೆನೆಯಿಂದ ಹತ್ತಿಪ್ಪತ್ತು ಕಾಳು ಬಿಡಿಸಿ, ಬೆಂಕಿಪೆಟ್ಟಿಗೆಯಲ್ಲಿ ಹಾಕಿ, ಮರಿಯಮ್ಮನ ಪಟದ ಹಿಂದೆ ಇಟ್ಟಳು. ಹೀಗೆ ಮೂರು ಬೆಂಕಿಪೆಟ್ಟಿಗೆ ಕೂಡಿದವು. ಅಣ್ಣ ಕೇಳಲಿಲ್ಲ, ಅಜ್ಜಿ ಕಳಿಸಲಿಲ್ಲ.

ಆ ವರ್ಷ ಹೂವಿನ ಏಳನೆಯ ದಿನ ಅಣ್ಣ ಅಜ್ಜಿಗೆ ಫೋನ್ ಮಾಡಿದ. ಅಜ್ಜಿಗೆ ಕಿವಿ ಮಂದ, ಹಾಗಾಗಿ ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ನಾನು ಬೀನ್ಸ್ ಮುರಿಯುತ್ತಿದ್ದೆ. ಮಳೆ ಹೇಗಿದೆ, ಮಂಡಿನೋವು ಹೇಗಿದೆ ಎಂದೆಲ್ಲ ಆದ ಮೇಲೆ ಅಣ್ಣ ಕೇಳಿದ:

"ಅಜ್ಜೀ, ತೆನೆಹಬ್ಬಕ್ಕೆ ನನ್ನ ಪಾಲು ಇಡ್ತೀರಾ ಈಗ್ಲೂ?"

"ಇಡದೆ? ಮಾರನೇ ದಿನದ ಬಸ್ಸಿಗೆ ಕಳಿಸ್ತೆ ನೋಡು," ಎಂದಳು ಅಜ್ಜಿ, ಪ್ರತಿ ವರ್ಷ ಕಳಿಸುತ್ತಿದ್ದವಳ ಹಾಗೆ.

ಫೋನ್ ಇಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಗುಟ್ಟು ಮತ್ತು ಬೈಗುಳ ಮಾತ್ರ ಕನ್ನಡದಲ್ಲಿ. ಅಜ್ಜಿ ಕನ್ನಡಕ್ಕೆ ಇಳಿದಳು.

"ಈ ಸಲ ನಿಮ್ಮಪ್ಪ ಸಿದ್ದಾಪುರಕ್ಕೆ ಹೋಗ್ತ. ಯಾರದೋ ಹೊಸಮನೆ ಬಾಗಿಲು ಇಡೋ ಮುಹೂರ್ತ ಅಂತೆ, ಬಡಗಿ ಇಲ್ದೆ ಆಗ್ತದಾ? ತೆನೆ ತರೋದು ನೀನು. ಐದು ತಗೊಂಡು ಬಾ."

"ಅಪ್ಪ ನಾಲ್ಕು ಅಂದಿದಾನಲ್ಲ."

"ನಿಮ್ಮಪ್ಪನ್ನ ಹೆತ್ತವಳು ನಾನು. ಐದು."

"ನಿನ್ನ ತೆನೆಯಿಂದಲೇ ಕೊಟ್ರೆ ಆಗೂದಿಲ್ವಾ, ಎಲ್ಲಾ ವರ್ಷದ ಹಾಗೆ?"

"ಎಲ್ಲಾ ವರ್ಷ ಅವ ಕೇಳಿರಲಿಲ್ಲ." ಅಜ್ಜಿಯ ಹಿಡಿತ ಬಿಗಿಯಾಯಿತು. "ಮನುಷ್ಯ ಪಾಲು ಕೇಳ್ದ ಅಂದ್ರೆ ಮನೆ ನೆನಪಾಯ್ತು ಅಂತ ಅರ್ಥ. ಈಗ ಇಗರ್ಜೀಲಿ ಅವಂದೇ ಹೆಸರು ಹಿಡಿದು ಒಂದು ಪೂರ್ತಿ ತೆನೆ ತರ್ಬೇಕು, ಅವನಿಗೆ ಮುಟ್ಟಬೇಕು. ಈ ಸಲ ತಪ್ಪಿದ್ರೆ ಇನ್ನೊಂದ್ಸಲ ಕೇಳೂದಿಲ್ಲ ಅವ. ತಿಳೀತಾ?"

ತಿಳಿಯಿತು. "ನನ್ನ ಕೈಗೆ ಕೊಟ್ಟ ಮೇಲೆ ತೆನೆ ತಾನಾಗೇ ನಡ್ಕೊಂಡು ಬರ್ತದೆ, ನೀನು ಬೆಲ್ಲ ತುರೀತಾ ಇರು," ಎಂದೆ. ಈಗ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಹಬ್ಬದ ಬೆಳಿಗ್ಗೆ ಅಮ್ಮ ಐದು ಬಗೆಯ ಪದಾರ್ಥಕ್ಕೆ ತೆಂಗಿನಕಾಯಿ ಒಡೆಯುತ್ತ ಉಳಿದಳು. ಅಪ್ಪ ಕೈಚೀಲದಲ್ಲಿ ಉಳಿ, ಬಾಚಿ ತುಂಬಿಕೊಂಡು ಸಿದ್ದಾಪುರದ ಬಸ್ಸು ಹಿಡಿದ. ನಾನು ಬಿಳಿ ಫ್ರಾಕು ಹಾಕಿ, ಅಮ್ಮನ ಒಳ್ಳೆಯ ಶಾಲನ್ನು ಕೇಳದೆ ಹೊದ್ದು, ಓಣಿಯ ಚಿಳ್ಳೆಪಿಳ್ಳೆಗಳ ದಂಡು ಕಟ್ಟಿಕೊಂಡು ಇಗರ್ಜಿಗೆ ಹೋದೆ.

ಹೂ ಎರಚುವ ಗಳಿಗೆ ಬಂದಾಗ ನಾನು ಸ್ವಲ್ಪ ಹೊತ್ತು ನನ್ನನ್ನೇ ಮರೆತೆ. ಇದನ್ನೂ ನೀವು ನಂಬುವುದಿಲ್ಲ, ಆದರೆ ಇದರಲ್ಲಿ ಸುಳ್ಳು ಬೆರೆಸಿಲ್ಲ. ಮೇಲಿನ ಬಣ್ಣದ ಗಾಜಿನಿಂದ ಬಿಸಿಲು ಇಳಿದಿತ್ತು. ಹೂಗಳು ಮೇಲೆ ಹೋದವು, ಆದರೆ ಕೆಳಗೆ ಬರಲು ಅವಸರ ಮಾಡಲಿಲ್ಲ. ಹಾಡು ಎಲ್ಲಿಂದಲೋ, ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ನನ್ನ ಒದ್ದೆ ಕೂದಲಿಗೆ, ಮುಂದಿದ್ದ ಮಗುವಿನ ಕುತ್ತಿಗೆಗೆ, ಪಾದ್ರಿಗಳ ಕನ್ನಡಕಕ್ಕೆ, ಕಂಬದ ಹಿಂದೆ ಆಕಳಿಸುತ್ತಿದ್ದವನಿಗೆ, ಎಲ್ಲರಿಗೂ ಎಸಳು ಅಂಟಿದವು. ಯಾರು ಹೂ ತಂದವರು, ಯಾರು ತರದವರು, ಯಾರದು ಕದ್ದ ಹೂ, ಒಂದನ್ನೂ ವಿಚಾರಿಸದೆ ಎಸಳು ಬೀಳುತ್ತಿದ್ದವು. ದೇವರೆಂದರೆ ಹೀಗೇ ಇರಬಹುದೇನೋ, ಮೇಲೆ ಕೂತು ಹಾಜರಿ ಪುಸ್ತಕ ತೆರೆಯುವವನಲ್ಲ ಅಂತ ಅನ್ನಿಸಿತು. ಅಷ್ಟರಲ್ಲಿ ಒಂದು ಡೇರೆ ಹೂ ತೊಟ್ಟುಸಮೇತ ಬಂದು ನನ್ನ ಮೂಗಿಗೆ ಬಡಿಯಿತು. ನಾನು ಮತ್ತೆ ನಾನಾದೆ.

ಪೂಜೆ ಮುಗಿದ ಮೇಲೆ ತೆನೆಗೆ ಸಾಲು. ಇಗರ್ಜಿಯ ಕೆಲಸ ನೋಡಿಕೊಳ್ಳುವ ಮುದುಕಪ್ಪ ಹಸಿರು ತೆನೆಗಳ ರಾಶಿಯ ಮುಂದೆ ಕೂತು ಪ್ರತಿಯೊಬ್ಬರನ್ನೂ ಕೇಳುತ್ತಿದ್ದ: "ಮನೇಲಿ ಎಷ್ಟು ಜನ?"

"ಐದು," ಎಂದೆ.

ಮುದುಕಪ್ಪ ಕಣ್ಣೆತ್ತಿ ನೋಡಿದ. ನನ್ನ ಹಿಂದೆ ನಿಂತಿದ್ದ ಹೆಂಗಸು, ನಮ್ಮ ಮನೆಯ ಸುದ್ದಿಯನ್ನು ನಮಗಿಂತ ಮೊದಲು ತಿಳಿಯುವವಳು, ಬಾಯಿ ಹಾಕಿದಳು: "ನಾಲ್ಕಲ್ವನೇ? ಇನ್ನೊಂದು ಯಾರಿಗೆ, ತಲೆ ಹೋದ ರಾಜನಿಗಾ?"

"ಹೌದಕ್ಕಾ," ಎಂದೆ. "ತಲೆ ಇದ್ದವರಿಗೆಲ್ಲ ಕೊಟ್ಟು ಮುಗೀತಂತೆ. ನಿಮಗೆ ಸಿಗ್ತದೋ ಇಲ್ವೋ ನೋಡಿ."

ಸಾಲಿನಲ್ಲಿ ನಗೆ ಎದ್ದಿತು. ಮುದುಕಪ್ಪ ಐದು ತೆನೆ ಆರಿಸಿ, ನೀಲಿ ರಿಬ್ಬನ್ ಸುತ್ತಿ ಕೊಟ್ಟ. ಐದನೆಯದು ಉಳಿದವಕ್ಕಿಂತ ದಪ್ಪ ಇತ್ತು, ಬೇಕೆಂದೇ ಆರಿಸಿದಂತೆ. ಅದರ ಕಾಳು ಒತ್ತಿದರೆ ಹಾಲು ಬರುವಷ್ಟು ಎಳೆಯದು.

ನಾನು ಸೀದಾ ಮನೆಗೆ ಹೋಗಬೇಕಿತ್ತು. ಹೋದೆ ಕೂಡ, ಆದರೆ ಸೀದಾ ಅಲ್ಲ. ಹೆಗಲ ಮೇಲೆ ಶಾಲು, ಕೈಯಲ್ಲಿ ಆಶೀರ್ವಾದದ ತೆನೆ, ಹಿಂದೆ ಆರು ಚಿಳ್ಳೆಗಳ ಮೆರವಣಿಗೆ. ಇಷ್ಟೆಲ್ಲ ಇದ್ದೂ ಸುಮ್ಮನೆ ನಡೆದು ಹೋಗುವುದು ಹೇಗೆ? ನಾನು ನಿಧಾನಕ್ಕೆ ದೊಡ್ಡ ಪಾದ್ರಿಗಳಾದೆ. ತೆನೆಯನ್ನು ಮಳೆನೀರಿನ ಹೊಂಡದಲ್ಲಿ ಅದ್ದಿ ಚಿಮುಕಿಸುತ್ತ ಹೋದೆ. ಕರೆಂಟಿನ ಕಂಬಕ್ಕೆ ಆಶೀರ್ವಾದ. ನಿಲ್ಲಿಸಿದ್ದ ಸ್ಕೂಟರಿಗೆ, "ನಿನ್ನ ಪಂಕ್ಚರುಗಳು ಕ್ಷಮಿಸಲ್ಪಟ್ಟಿವೆ." ಗಟಾರಕ್ಕೂ ಒಂದು. ಚಿಳ್ಳೆಗಳು ಪ್ರತಿ ಸಲವೂ "ಆಮೆನ್" ಎಂದು ಕಿರುಚಿ ಬಿದ್ದು ಬಿದ್ದು ನಗುತ್ತಿದ್ದವು. ಬಿಸಿಲೂ ಹನಿಯೂ ಒಟ್ಟಿಗೆ ಬೀಳುತ್ತಿದ್ದ ಹೊತ್ತು, ಓಣಿಯೆಲ್ಲ ಹಿತ್ತಾಳೆಯ ಬಣ್ಣ. ನನ್ನ ಕಾಲು ನೆಲ ಮುಟ್ಟುತ್ತಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ.

ಆಯಿಯ ಗೇಟಿನ ಹತ್ತಿರ ಅವರ ಆ ಕಂದು ಕರುವನ್ನು ಕಟ್ಟಿದ್ದರು.

"ಬಾ ಮಗನೇ," ಎಂದೆ, ಪಾದ್ರಿಗಳ ದನಿಯಲ್ಲೇ, ಅದರ ಹಣೆಯ ಮೇಲೆ ತೆನೆ ಹಿಡಿದು. "ನಿನಗೂ ಸಮಾಧಾನ ಸಿಗಲಿ."

ಸಿಕ್ಕಿತು. ಒಂದೇ ಬಾಯಿಗೆ, ಐದೂ. ನಾನು ಎಳೆದೆ, ಅದೂ ಎಳೆಯಿತು. ಅದರ ಕಡೆ ದೇವರಿದ್ದ. ನನ್ನ ಕೈಯಲ್ಲಿ ಉಳಿದದ್ದು ನೀಲಿ ರಿಬ್ಬನ್ನು ಮತ್ತು ಮೂರು ಕಡ್ಡಿ. ಕರು ಕಣ್ಣು ಅರ್ಧ ಮುಚ್ಚಿ, ತುಟಿಯ ಅಂಚಿನಿಂದ ಹಾಲು ಸುರಿಸುತ್ತ, ಅಣ್ಣನ ಪಾಲನ್ನು ಅಗಿಯಿತು. ಚಿಳ್ಳೆಗಳಲ್ಲಿ ಒಂದು, ಅಭ್ಯಾಸದಿಂದ, "ಆಮೆನ್" ಎಂದಿತು.

ಆಗ ನಾನು ಅತ್ತೆನೆಂದು ಓಣಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕರುವಿನ ಬಾಲ ಕಣ್ಣಿಗೆ ತಗುಲಿತ್ತು. ಎರಡೂ ಕಣ್ಣಿಗೆ, ಹತ್ತು ನಿಮಿಷ. ಇಗರ್ಜಿಗೆ ಓಡಿದೆ; ರಾಶಿ ಖಾಲಿ, ಬಾಗಿಲು ಮುಚ್ಚಿತ್ತು, ಮುದುಕಪ್ಪ ಹೋಗಿದ್ದ. ತಿರುಗಿ ಬಂದು ಆಯಿಯ ಗೇಟಿನ ಮುಂದೆಯೇ ಕೂತೆ. ಮನೆಗೆ ಹೋಗುವ ಧೈರ್ಯವಿರಲಿಲ್ಲ. ಅಣ್ಣ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೈ ಒರೆಸಿಕೊಳ್ಳುತ್ತ ಕಾದು ನಿಂತಂತೆ, ಬಸ್ಸು ಬಂದು ಅವನಿಗೆ ಏನನ್ನೂ ಕೊಡದೆ ಹೋದಂತೆ ಕಾಣತೊಡಗಿತು.

"ಎಂತ ಆತೇ ಕೂಸೆ? ಕರು ಒದೀತನೆ?" ಆಯಿ ಸೆರಗಿಗೆ ಕೈ ಒರೆಸುತ್ತ ಬಂದರು.

ನಾನು ಹೇಳಿದೆ. ಬಣ್ಣ ಹಚ್ಚದೆ ಹೇಳಿದೆ, ಅಷ್ಟು ಕೆಟ್ಟಿತ್ತು ನನ್ನ ಸ್ಥಿತಿ. ಆಯಿ ಮೊದಲು ನಕ್ಕರು, ಕಂಬ ಹಿಡಿದುಕೊಂಡು ನಕ್ಕರು. ಆಮೇಲೆ ಮುಖ ನೋಡಿ ನಿಲ್ಲಿಸಿದರು.

"ಎಷ್ಟು ಬೇಕಿತ್ತು?"

"ಐದು."

"ನಿಂಗ್ಳ ಮನೇಲಿ ಈಗ ನಾಕೇ ಜನ ಅಲ್ದನೆ?" ಎಂದವರು ತಾವೇ ತಡೆದುಕೊಂಡರು. "ಓಹೋ. ಆ ಯಲ್ಲಾಪುರದ ಮಾಣಿಗೂ ಸೇರಿ."

ಅವರ ಕಡೆಯೂ ಹೊಸ ಬೆಳೆ ಬಂದಾಗ ಹೊಸ್ತು ಎಂದು ಮಾಡುತ್ತಾರೆ, ಪೂಜೆ ಮಾಡಿದ ಕದಿರನ್ನು, ಎಂದರೆ ತೆನೆಗಳನ್ನು, ಬಾಗಿಲ ಮೇಲೆ ಕಟ್ಟುತ್ತಾರೆ. ಮುಂದಿನ ವರ್ಷದ ತನಕ ಅದು ಅಲ್ಲೇ. ಆಯಿ ಒಂದು ಸ್ಟೂಲು ತಂದು ಹತ್ತಿ, ಹೋದ ವರ್ಷದ ಕಟ್ಟು ಬಿಚ್ಚಿ, ಒಣಗಿ ಹಳದಿಯಾದ ಐದು ತೆನೆ ಎಳೆದು ನನ್ನ ಕೈಯಲ್ಲಿಟ್ಟರು. ಜೇಡರ ಬಲೆಯನ್ನು ಊದಿ ತೆಗೆದರು.

"ಆಯಿ, ಇದು ನಿಮ್ಮ ದೇವರದ್ದಲ್ವಾ?"

"ಯಂಗ್ಳ ದೇವ್ರು ಎಂತೂ ಹೇಳ್ತ್ನಿಲ್ಲೆ. ನಿಂಗ್ಳ ದೇವ್ರ ಹತ್ರ ನೀನೇ ಮಾತಾಡ್ಕ್ಯ," ಎಂದು ಸ್ಟೂಲು ಎತ್ತಿಕೊಂಡು ಒಳಗೆ ಹೋದರು.

ನಾನು ದೇವರ ಹತ್ತಿರ ಮಾತಾಡಲಿಲ್ಲ. ಆ ಹೊತ್ತಿಗೆ ಅವನಿಗಿಂತ ಅಜ್ಜಿಗೆ ನಾನು ಹೆಚ್ಚು ಹೆದರಿದ್ದೆ. ಹಳೆಯ ತೆನೆಗೆ ಹೊಸ ನೀಲಿ ರಿಬ್ಬನ್ನು ಬಿಗಿದು, ದಾರಿಯುದ್ದಕ್ಕೂ ಕತೆ ಕಟ್ಟುತ್ತ ಮನೆಗೆ ಬಂದೆ.

ಮನೆ ತುಂಬ ಬೆಲ್ಲದ, ತೆಂಗಿನ ಹಾಲಿನ ವಾಸನೆ. ಅಜ್ಜಿ ಹಸಿರು ಸೀರೆ ಉಟ್ಟು, ಮೊರವನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ಕಾದಿದ್ದಳು. ಪಕ್ಕದಲ್ಲಿ ಒಂದು ಕಾಗದ, ಅಂಚು ಮಡಿಸಿ ಸಿದ್ಧ ಮಾಡಿದ್ದು, ಅದರ ಮೇಲೆ ಅವಳ ನಡುಗುವ ಅಕ್ಷರದಲ್ಲಿ ಅಣ್ಣನ ಹೆಸರು. ನಾನು ಆ ಕಾಗದ ನೋಡದವಳಂತೆ ತೆನೆಯನ್ನು ಮೊರದಲ್ಲಿಟ್ಟೆ.

ಅಮ್ಮ ಒಲೆಯ ಮುಂದಿನಿಂದಲೇ ಬಗ್ಗಿ ನೋಡಿದಳು. "ಇದೇನೇ ಇಷ್ಟು ಒಣಗಿದೆ?"

ಇನ್ನು ನನ್ನನ್ನು ತಡೆಯುವವರಿರಲಿಲ್ಲ.

"ಅದನ್ನೇ ಹೇಳೋಕೆ ಬಂದೆ. ನೀವು ನಂಬೂದಿಲ್ಲ. ಪಾದ್ರಿಗಳು ಕೈ ಎತ್ತಿದ್ರಲ್ಲ, ಆಗ ಮೇಲಿನ ಗಾಜಿಂದ ಒಂದು ಬೆಳಕು ಬಂತು. ಬೇರೆಯವರ ತೆನೆ ಮೇಲೆ ಬೀಳ್ಲಿಲ್ಲ, ಸೀದಾ ನಮ್ಮ ಐದರ ಮೇಲೆ! ಎಂತಾ ಬಿಸಿ ಅಂತೀರಿ, ಮುದುಕಪ್ಪ ಕೈ ಸುಟ್ಕೊಂಡು ಊದ್ತಾ ಇದ್ದ. ನೋಡ್ತಾ ನೋಡ್ತಾ ಹಸಿರು ಹೋಗಿ ಬಂಗಾರ ಆಗ್ಬಿಡ್ತು."

"ತೆನೆ ಬಂಗಾರ ಆದ್ರೆ ನಿನ್ನ ಶಾಲಿಗೆ ಕೆಸರು ಹೇಗಾಯ್ತು?" ಎಂದಳು ಅಮ್ಮ. ಅದು ಅವಳದೇ ಶಾಲು ಎಂದು ಇನ್ನೂ ಗಮನಿಸಿರಲಿಲ್ಲ.

"ಮಂಡಿಯೂರಿದೆ ಅಮ್ಮಾ! ಎಲ್ಲರೂ ಮಂಡಿಯೂರಿದ್ರು. ಆ ಸುದ್ದಿಗಾತಿ ಹೆಂಗಸು ಎರಡು ಸಲ ಊರಿದ್ಲು."

ಅಜ್ಜಿ ನಗಲಿಲ್ಲ. ಒಣ ತೆನೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳ ಕಣ್ಣಿನಲ್ಲಿ ಪೊರೆ. ಅವಳಿಗೆ ಅದು ನಿಜಕ್ಕೂ ಬಂಗಾರದಂತೆ ಕಂಡಿರಬೇಕು. "ಹೌದನೇ?" ಎಂದಳು ಮೆಲ್ಲಗೆ. "ಮೊಮ್ಮಗನ ಹೆಸರಿಗೆ ತಗೊಂಡದ್ದಕ್ಕೆ ಬೆಳಕು ಬಂತನೇ?"

ನನ್ನ ಸುಳ್ಳುಗಳನ್ನು ಎಲ್ಲರೂ ಬಯ್ದಿದ್ದಾರೆ, ನಕ್ಕಿದ್ದಾರೆ, ಚಪ್ಪಾಳೆ ತಟ್ಟಿದವರೂ ಇದ್ದಾರೆ. ಅಷ್ಟರ ತನಕ ಯಾರೂ ನಂಬಿರಲಿಲ್ಲ. ನಂಬಿದರೆ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಾಯಿ ಮುಂದುವರಿಯುತ್ತಲೇ ಇತ್ತು, ಬೆಳಕಿನ ಹಿಂದೆ ಒಂದು ಪಾರಿವಾಳವೂ ಹೊರಟಿತ್ತು, ಆದರೆ ಒಳಗೆಲ್ಲೋ ನಾನು ಬಾವಿಗೆ ಬಿಟ್ಟ ಕೊಡದಂತೆ ಇಳಿಯುತ್ತಿದ್ದೆ.

ಆಗ ಅಪ್ಪ ಒಳಗೆ ಬಂದ.

ಕೈಚೀಲ ಬಾಗಿಲ ಬಳಿ ಇಟ್ಟ. ಕಿವಿಯ ಮೇಲೆ ಪೆನ್ಸಿಲು, ಕೂದಲಲ್ಲಿ ಮರದ ಹೊಟ್ಟು. "ಊಟ ಆಯ್ತಾ?" ಎಂದೂ ಕೇಳದೆ ಸೀದಾ ಅಜ್ಜಿಯ ಮುಂದೆ ಬಂದು ನಿಂತು, ಅಂಗಿಯ ಜೇಬಿನಿಂದ, ಅಳತೆಪಟ್ಟಿಯ ಪಕ್ಕದಿಂದ, ಏನನ್ನೋ ಮೆಲ್ಲಗೆ ಹೊರತೆಗೆದ. ಒಂದು ತೆನೆ. ಹಸಿರು, ಎಳೆಯದು. ಜೇಬಿನಲ್ಲಿ ಮುರಿಯದಿರಲಿ ಎಂದು ತೆಳ್ಳಗಿನ ಎರಡು ಮರದ ಚಕ್ಕೆಗಳ ನಡುವೆ ಕಟ್ಟಿ ತಂದಿದ್ದ. ಬಿಚ್ಚಿ, ಮೊರದಲ್ಲಿ, ನನ್ನ ಐದರ ಪಕ್ಕ ಇಟ್ಟ.

ಅಷ್ಟೇ. ನಾನೇನನ್ನೂ ಹೇಳಬೇಕಾಗಲಿಲ್ಲ. ಒಂದು ಹಸಿರು, ಐದು ಹಳದಿ. ನನ್ನ ಪಾರಿವಾಳ ಅರ್ಧದಲ್ಲೇ ಬಿದ್ದಿತು.

ಅಜ್ಜಿ ತೆನೆ ನೋಡಲಿಲ್ಲ, ಅಪ್ಪನನ್ನು ನೋಡಿದಳು. "ಇದೆಲ್ಲಿಂದಾ?"

"ಸಿದ್ದಾಪುರದ ಇಗರ್ಜಿಗೆ ಹೋಗಿದ್ದೆ, ಬಾಗಿಲು ಇಟ್ಟಾದ್ಮೇಲೆ." ಅಪ್ಪ ಕೂದಲಿನ ಹೊಟ್ಟು ಕೊಡವಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದ. "ಮನೇಲಿ ಎಷ್ಟು ಜನ ಅಂತ ಕೇಳಿದ್ರು. ಐದು ಅಂದೆ. ನಾಲ್ಕು ಶಿರಸೀಲಿ ತಗೋತಾರೆ, ಒಂದು ಕೊಡಿ ಅಂದೆ."

ಒಲೆಯ ಮೇಲೆ ಏನೋ ಉಕ್ಕಿತು. ಅಮ್ಮ ಅದನ್ನು ಇಳಿಸಲಿಲ್ಲ.

ಅಪ್ಪ ಬಗ್ಗಿ ನನ್ನ ತೆನೆಯೊಂದನ್ನು ಎತ್ತಿ, ಬೆರಳಲ್ಲಿ ತಿರುಗಿಸಿ, ಮೂಸಿದ. "ಇದು ಆಚೆಮನೆ ಬಾಗಿಲಿಂದು. ಇದನ್ನ ಕಟ್ಟೋಕೆ ಮೊಳೆ ಹೊಡ್ದುಕೊಟ್ಟದ್ದೇ ನಾನು. ನಮ್ಮದು ಎಲ್ಲಿ?"

"ಕರು ತಿಂತು," ಎಂದೆ. ನನ್ನ ಬದುಕಿನಲ್ಲೇ ಅತಿ ಚಿಕ್ಕ ಕತೆ ಅದು. ಆಮೇಲೆ, ಸುಮ್ಮನಿರಲಾಗದೆ: "ನಾನು ಆಟ ಆಡಿದೆ, ಅದಕ್ಕೇ ತಿಂತು. ಐದೂ. ಅಣ್ಣಂದೂ. ಅಜ್ಜೀ, ಅಪ್ಪ ತಂದದ್ದು ಪೂರ್ತಿ ಅವನಿಗೇ ಕಟ್ಟು. ನನಗೆ ಪಾಲು ಬೇಡ."

"ಪಾಲು ಬೇಡ ಅನ್ನೋಕೆ ನೀನ್ಯಾರೇ?" ಎಂದ ಅಪ್ಪ. ಸಿಟ್ಟಿನಿಂದಲ್ಲ, ಅಳತೆ ತಪ್ಪಿ ಕೊಯ್ದ ಹಲಗೆಯನ್ನು ನೋಡಿ ಹೇಳುವ ಹಾಗೆ. ಹೇಳಿದವನು ತಾನೇ ತಡೆದು ನಿಂತ, ಆ ಮಾತು ಬೇರೆ ಯಾರಿಗೋ, ಬೇರೆ ಯಾವತ್ತೋ ಹೇಳಬೇಕಾಗಿದ್ದುದು ಎಂಬಂತೆ.

ಅಜ್ಜಿ ಹಸಿರು ತೆನೆಯನ್ನು ಎತ್ತಿಕೊಂಡಳು. ಮೊದಲು ಕಾಗದದ ಮೇಲೆ, ಅಣ್ಣನ ಹೆಸರಿನ ಮೇಲೆ, ಒಂದು ಚಿಟಿಕೆ ಕಾಳು ಬಿಡಿಸಿದಳು. ಉಳಿದದ್ದನ್ನು 'ನಾಲ್ವರಿಗೂ ಸಾಕು' ಎನ್ನುತ್ತ ಒರಳಿಗೆ ಹಾಕಿದಳು. ಆಚೆಮನೆಯ ಒಣ ತೆನೆಯಿಂದಲೂ ಒಂದು ಕಾಳು ಕಿತ್ತು ಅದಕ್ಕೇ ಸೇರಿಸಿದಳು, ಯಾರನ್ನೂ ಕೇಳದೆ. ಅರೆದು, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿದಳು. ಹೀಗೆ ಆ ವರ್ಷ ನಮ್ಮ ಮನೆಗೆ ಬಂದದ್ದು ಒಂದೇ ತೆನೆ, ಅದು ಬರಬೇಡ ಅನ್ನಿಸಿಕೊಂಡವನ ತೆನೆ. ನಾವೆಲ್ಲ ಉಂಡದ್ದು ಅವನ ಪಾಲಿನಿಂದ.

"ನಾಳೆ ಬಸ್ಸಿಗೆ ಯಾರ ಕೈಲಿ ಕಳಿಸೂದು ಇದನ್ನ?" ಎಂದು ಅಜ್ಜಿ ಕಾಗದ ಮಡಿಸಿದಳು.

"ಯಲ್ಲಾಪುರದಲ್ಲಿ ಒಂದು ಕಿಟಕಿ ಅಳತೆ ತಗೊಳ್ಳೋದದೆ ನಂಗೆ," ಎಂದ ಅಪ್ಪ.

ಯಲ್ಲಾಪುರದಲ್ಲಿ ಯಾವ ಕಿಟಕಿಯೂ ಇರಲಿಲ್ಲ. ಸುಳ್ಳಿನ ವಿಷಯದಲ್ಲಿ ನನ್ನ ಮಾತು ನಂಬಿ, ಕೇಳಿದ ಕೂಡಲೇ ನನಗೆ ಗೊತ್ತಾಗುತ್ತದೆ. ಈ ಚಾಳಿ ನಮ್ಮ ಮನೆತನದ್ದೇ ಎಂದು ಆ ದಿನ ತಿಳಿಯಿತು. "ಅಪ್ಪಾ, ಎಷ್ಟು ದೊಡ್ಡ ಕಿಟಕಿ?" ಎಂದು ಶುರು ಮಾಡಿದೆ. "ಯಾರ ಮನೇದು? ನಾನೂ ಬರ್ತೆ, ಟೇಪಿನ ಆಚೆ ತುದಿ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ, ಆಮೇಲೆ ಅಣ್ಣನ ಗ್ಯಾರೇಜು ಅಲ್ಲೇ—"

"ಸಾಕು ನಿನ್ನ ಕತೆ," ಎಂದು ಅಪ್ಪ ಅಜ್ಜಿಯ ಕೈಯಿಂದ ಚಮಚ ತೆಗೆದುಕೊಂಡು ನನ್ನ ಮುಂದೆ ಹಿಡಿದ. "ಬಾಯಿ ತೆಗಿ."

ತೆಗೆದೆ.